ಜ್ವಾಲಾಮುಖಿ: ಬೆಂಕಿಯೂ ಬೇಡ, ಗುಡ್ಡವೂ ಬೇಡ

ಮೊನ್ನೆ ವಿಜಯಪುರದ ಒಂದು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹೋಗಿದ್ದೆ. ಥರ್ಮಾಕೋಲ್ ಗುಡ್ಡ, ತುದಿಯಲ್ಲಿ ಅಡುಗೆ ಸೋಡಾ, ವಿನೆಗರ್, ಉಕ್ಕುವ ಕೆಂಪು ನೊರೆ. ಅದು ಪ್ರತಿವರ್ಷ ಇರುತ್ತದೆ, ಇರಲಿ. ಪಕ್ಕದ ಚಾರ್ಟಿನಲ್ಲಿ ವೆಸ್ಟಾ ಕ್ಷುದ್ರಗ್ರಹದ ಫೋಟೋ. ಅದರ ದಕ್ಷಿಣ ಧ್ರುವದ ದೊಡ್ಡ ಗುಡ್ಡಕ್ಕೆ ಬಾಣ ಹಾಕಿ ‘ಜ್ವಾಲಾಮುಖಿ’ ಎಂದು ಬರೆದಿದ್ದರು. ಅಲ್ಲಪ್ಪಾ ಅಂದೆ. ಹುಡುಗ ಬಿಡಲಿಲ್ಲ. “ಗುಡ್ಡಾನೂ ಅದ, ಬಸಾಲ್ಟೂ ಅದ. ಮತ್ತೇನ್ ಬೇಕ್ರೀ ಸರ?” (ಬಸಾಲ್ಟ್ ಅಂದರೆ ಲಾವಾ ಆರಿ ಆದ ಕಪ್ಪು ಕಲ್ಲು.)

ಅವನನ್ನು ಬೈದು ಉಪಯೋಗವಿಲ್ಲ. ಇದೇ ಚಿತ್ರ, ಇದೇ ಮಾತು ವಾಟ್ಸಾಪ್‌ನಲ್ಲಿ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಅರ್ಧ ತಪ್ಪು ಪದದ್ದೇ.

ಜ್ವಾಲೆ ಎಂದರೆ ಉರಿ, ಮುಖ ಎಂದರೆ ಇಲ್ಲಿ ಬಾಯಿ. ಉರಿ ಬಾಯಿಯವಳು. ಹಿಮಾಚಲದ ಕಾಂಗ್ರಾದಲ್ಲಿ ಜ್ವಾಲಾಮುಖಿ ದೇವಿಯ ಗುಡಿ ಇದೆಯಲ್ಲ, ಅಲ್ಲಿ ಈ ಹೆಸರು ಅಕ್ಷರಶಃ ಸರಿ. ಬಂಡೆಯ ಸಂದಿಯಿಂದ ನೆಲದೊಳಗಿನ ಅನಿಲ ಬರುತ್ತದೆ, ಉರಿಯುತ್ತದೆ. ಆದರೆ ಅಲ್ಲಿ ಕರಗಿದ ಕಲ್ಲಿಲ್ಲ! ಕರಗಿದ ಕಲ್ಲು ಬರುವ ಕಡೆಗೆ ನೋಡಿದರೆ ಆ ಕಲ್ಲು ಉರಿಯುವುದಿಲ್ಲ. ಲಾವಾ ಕೆಂಪಗೆ ಕಾಣುವುದು ಕಂಬಾರನ ಕುಲುಮೆಯಲ್ಲಿ ಕಬ್ಬಿಣ ಕೆಂಪಗಾದ ಹಾಗೆ. ಕಾದಿದೆ, ಉರಿಯುತ್ತಿಲ್ಲ. ‘ಜ್ವಾಲಾಮುಖಿ ಬೂದಿ’ ಅನ್ನುತ್ತೇವಲ್ಲ, ಅದೂ ಯಾವುದೋ ಸುಟ್ಟು ಉಳಿದ ಬೂದಿಯಲ್ಲ, ಕಲ್ಲಿನ ಪುಡಿ. ‘ಅಗ್ನಿಪರ್ವತ’ ಎಂಬ ಇನ್ನೊಂದು ಪದವಂತೂ ಅಗ್ನಿಯ ಜೊತೆಗೆ ಪರ್ವತವನ್ನೂ ಸೇರಿಸಿ ಎರಡು ತಪ್ಪು ಮಾಡಿದೆ.

ಸುಮ್ನೆ ತಕರಾರು ಅನ್ನಬೇಡಿ. ಇಂಗ್ಲಿಷಿನಲ್ಲಿ ಗುಡ್ಡಕ್ಕೆ ವಾಲ್ಕೇನೋ, ಗುಣಕ್ಕೆ ವಾಲ್ಕ್ಯಾನಿಕ್, ಕ್ರಿಯೆಗೆ ವಾಲ್ಕ್ಯಾನಿಸಂ. ನಾವು ಮೂರಕ್ಕೂ ಒಂದೇ ಪದ ಹಚ್ಚುತ್ತೇವೆ. ‘ವೆಸ್ಟಾದ ಮೇಲ್ಮೈ ವಾಲ್ಕ್ಯಾನಿಕ್ ಕಲ್ಲಿನದು’ ಎಂಬ ಸರಿಯಾದ ಮಾತು ಕನ್ನಡಕ್ಕೆ ಬರುವಷ್ಟರಲ್ಲಿ ‘ವೆಸ್ಟಾದಲ್ಲಿ ಜ್ವಾಲಾಮುಖಿ’ ಆಗಿರುತ್ತದೆ. ಆಮೇಲೆ ಎಲ್ಲರೂ ಗುಡ್ಡ ಹುಡುಕುತ್ತಾರೆ.

ಗುಡ್ಡ ಬೇಕಿಲ್ಲ ಎಂದು ವಿಜಯಪುರದವರಿಗೆ ಬಿಡಿಸಿ ಹೇಳಬೇಕಾಗಿ ಬಂದದ್ದೇ ಸೋಜಿಗ. ಗೋಲಗುಮ್ಮಟದ ಕಪ್ಪು-ಬೂದು ಕಲ್ಲು ಬಸಾಲ್ಟ್. (ಗ್ರಾನೈಟ್ ಅಲ್ಲ, ದಯವಿಟ್ಟು.) ನಾವು ನಿಂತಿರುವ ನೆಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಬಾವಿ ತೋಡಿದವರನ್ನು ಕೇಳಿ: ಮೇಲೆ ಎರೆ ಮಣ್ಣು, ಕೆಳಗೆ ಗರಸು, ಆಮೇಲೆ ಗಟ್ಟಿ ಕಲ್ಲು, ಕೆಲವೆಡೆ ನಡುವೆ ಒಂದು ಕೆಂಪು ಪದರ, ಮತ್ತೆ ಕಲ್ಲು. ಒಂದು ಹರಿವು ಆರಿ, ಅದರ ಮೈ ಮಣ್ಣಾದ ಮೇಲೆ ಇನ್ನೊಂದು ಹರಿದು ಬಂದ ಗುರುತು ಆ ಕೆಂಪು. ಇಷ್ಟೆಲ್ಲ ಉಗುಳಿದ ಬೆಟ್ಟ ಎಲ್ಲಿದೆ, ತೋರಿಸಿ? ಬಹುಪಾಲು ಲಾವಾ ಬಂದದ್ದು ನೆಲದ ಉದ್ದುದ್ದ ಬಿರುಕುಗಳಿಂದ. ಬಾದಾಮಿಯ ಕೆಂಪು ಬಂಡೆಯನ್ನೂ ಜ್ವಾಲಾಮುಖಿಗೆ ಸೇರಿಸುವವರಿದ್ದಾರೆ. ಅದು ಮರಳುಗಲ್ಲು. ಆ ಜಗಳ ಇನ್ನೊಮ್ಮೆ.

ಈಗ ವೆಸ್ಟಾ. ಅಡ್ಡಳತೆ ಸುಮಾರು 525 ಕಿ.ಮೀ. 1807ರಲ್ಲಿ ಜರ್ಮನ್ ಖಗೋಳಜ್ಞ ಓಲ್ಬರ್ಸ್ ಕಂಡದ್ದು. ಗಣಿತಜ್ಞ ಗೌಸ್ ಅದಕ್ಕೆ ರೋಮನ್ನರ ಒಲೆಯ ದೇವತೆಯ ಹೆಸರಿಟ್ಟ. ಅದು ಒಮ್ಮೆ ಕುದಿದ ಲೋಕ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಬೆಳಕಿನಿಂದ. 1970ರಲ್ಲಿ ಅದರ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದಾಗ ಯೂಕ್ರೈಟ್ ಎಂಬ ಉಲ್ಕಾಶಿಲೆಯ ಬೆಳಕಿಗೆ ಹೊಂದಿತು. ಯೂಕ್ರೈಟ್ ಅಂದರೆ ಬಸಾಲ್ಟೇ. ಇನ್ನೆರಡು ದಾಯಾದಿಗಳಿವೆ. ಕರಗಿದ ಕಲ್ಲು ನೆಲದೊಳಗೇ ಆರಿದ್ದು ಡಯೋಜಿನೈಟ್. ಎರಡೂ ಒಡೆದು ಬೆರೆತದ್ದು ಹೊವರ್ಡೈಟ್. ವೆಸ್ಟಾದ ಮೇಲ್ಮೈಯಲ್ಲಿ ಜಾಸ್ತಿ ಇರುವುದು ಈ ಬೆರಕೆ ಪುಡಿಯೇ.

ಅಷ್ಟು ಚಿಕ್ಕದು ಕರಗಿದ್ದು ಹೇಗೆ? ಅಲ್ಯೂಮಿನಿಯಂ-26, ಅಂದರೆ ಅಲ್ಯೂಮಿನಿಯಂನ ಒಂದು ವಿಕಿರಣಶೀಲ ರೂಪದ ಶಾಖದಿಂದ. ಸುಮಾರು ಏಳು ಲಕ್ಷ ವರ್ಷಕ್ಕೊಮ್ಮೆ ಅದು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಸೌರಮಂಡಲ ಹುಟ್ಟಿದ ಹೊಸತರಲ್ಲಿ, ಅಂದರೆ 456 ಕೋಟಿ ವರ್ಷಗಳ ಹಿಂದೆ, ಅದರ ಅಬ್ಬರ ಜೋರಿತ್ತು, ಬೇಗ ಮುಗಿಯಿತು. ಇದಕ್ಕೆ ಪುರಾವೆ ಕೊಟ್ಟದ್ದು 1996ರಲ್ಲಿ ರಾಜಸ್ಥಾನದ ಪಿಪಲಿಯಾ ಕಲಾನ್‌ನಲ್ಲಿ ಬಿದ್ದ ಒಂದು ಯೂಕ್ರೈಟ್. ಅಲ್ಯೂಮಿನಿಯಂ-26 ಕ್ಷಯಿಸಿ ಉಳಿದ ಮೆಗ್ನೀಸಿಯಂ-26 ಅದರಲ್ಲಿ ಸಿಕ್ಕಿತು. ಕಂಡುಹಿಡಿದವರು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು. ಇಂಥದ್ದು ವಾಟ್ಸಾಪ್‌ನಲ್ಲಿ ಬರುವುದಿಲ್ಲ ನೋಡಿ.

ಇನ್ನು ಆ ಗುಡ್ಡ. ನಾಸಾದ ಡಾನ್ ನೌಕೆ 2011ರಿಂದ 2012ರವರೆಗೆ ವೆಸ್ಟಾವನ್ನು ಸುತ್ತಿತು. ದಕ್ಷಿಣದಲ್ಲಿ ಸುಮಾರು 500 ಕಿ.ಮೀ. ಅಗಲದ ರಿಯಾಸಿಲ್ವಿಯಾ ಕುಳಿ, ಅದರ ನಡುವೆ 20 ಕಿ.ಮೀ. ಮೀರಿದ ಶಿಖರ. ಏನೋ ಬಂದು ಬಡಿದಾಗ ತಗ್ಗಾದ ನೆಲ ಪುಟಿದು ಮೇಲೆದ್ದು ಹಾಗೇ ನಿಂತದ್ದು ಅದು. ವಯಸ್ಸು ಸುಮಾರು 100 ಕೋಟಿ ವರ್ಷ. ಅಷ್ಟೊತ್ತಿಗೆ ವೆಸ್ಟಾ ತಣ್ಣಗಾಗಿ 300 ಕೋಟಿ ವರ್ಷ ದಾಟಿತ್ತು! ಲಾವಾ ಹರಿದ ಹಳೆಯ ಗುರುತುಗಳು ಡಾನ್ ಕಣ್ಣಿಗೆ ಬೀಳಲಿಲ್ಲ. ಬಡಿತದ ಮೇಲೆ ಬಡಿತ ಬಿದ್ದು ಎಲ್ಲ ಪುಡಿಯಾಗಿವೆ. ಕಲ್ಲು ಸಾಕ್ಷಿ ಹೇಳುತ್ತದೆ, ಆಕಾರ ಹೇಳುವುದಿಲ್ಲ.

ಬಾಣ ಹಾಕಲೇಬೇಕು ಅಂದರೆ ಬ್ರುಮಾಲಿಯಾ ಥೋಲಸ್ ಎಂಬ ದಿಬ್ಬಕ್ಕೆ ಹಾಕಬಹುದು. ಕರಗಿದ ಕಲ್ಲು ಒಳಗಿಂದ ಒತ್ತಿ ನೆಲ ಉಬ್ಬಿಸಿದ ಜಾಗ ಅದು ಎಂದು ಅಧ್ಯಯನ ಮಾಡಿದವರು ವಾದಿಸಿದ್ದಾರೆ. ಆದರೆ ಅಲ್ಲೂ ಅದು ಹೊರಗೆ ಬರಲಿಲ್ಲ, ಒಳಗೇ ಆರಿತು. ಅದಕ್ಕೆ ‘ಜ್ವಾಲಾಮುಖಿ’ ಎಂದು ಬರೆದರೆ ಮತ್ತೆ ನಾನು ಜಗಳಕ್ಕೆ ಬರುತ್ತೇನೆ.