ಕೈಗೆ ಬಂದ ನಗದು ಬ್ಯಾಂಕ್ ಮುಟ್ಟಿಲ್ಲ, ರಿಟರ್ನ್‌ನಲ್ಲಿ ತೋರಿಸಬೇಕೇ?

ಪ್ರಶ್ನೆ: ನಾನು ಫ್ರೀಲಾನ್ಸ್ ಇಂಟೀರಿಯರ್ ಡಿಸೈನರ್. 2025-26ರಲ್ಲಿ ಫೀಸು ಒಟ್ಟು 9 ಲಕ್ಷ ರೂಪಾಯಿ ಬಂದಿದೆ. ಅದರಲ್ಲಿ 3.2 ಲಕ್ಷ ನಗದು, ಬಹುಪಾಲು ಮನೆಖರ್ಚಿಗೇ ಹೋಯಿತು. ಬೇರೆ ಆದಾಯವಿಲ್ಲ. ಈ ನಗದನ್ನೂ ತೋರಿಸಬೇಕೇ?

ಉತ್ತರ: ತೋರಿಸಲೇಬೇಕು. ದುಡ್ಡು ಯುಪಿಐಯಲ್ಲಿ ಬಂದರೂ ಲಕೋಟೆಯಲ್ಲಿ ಬಂದರೂ ಆದಾಯ ಆದಾಯವೇ. ಖರ್ಚಾಗಿ ಹೋಯಿತೆಂದು ಅದು ಲೆಕ್ಕದಿಂದ ಇಳಿಯುವುದಿಲ್ಲ.

ನಿಮ್ಮ ವಿಷಯದಲ್ಲಂತೂ ಮುಚ್ಚಿಟ್ಟರೆ ತೆರಿಗೆಯಲ್ಲಿ ಒಂದು ರೂಪಾಯಿಯೂ ಉಳಿತಾಯವಾಗುವುದಿಲ್ಲ. ಒಳಾಂಗಣ ವಿನ್ಯಾಸ, 2025-26ಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮಿನ ಪಟ್ಟಿಯಲ್ಲಿರುವ ವೃತ್ತಿ. ವೃತ್ತಿಯ ಒಟ್ಟು ಗಳಿಕೆ 50 ಲಕ್ಷದೊಳಗಿದ್ದರೆ (ನಗದು ಶೇ 5 ಮೀರದಿದ್ದರೆ 75 ಲಕ್ಷದವರೆಗೆ) ಕನಿಷ್ಠ ಅರ್ಧವನ್ನು ಲಾಭವೆಂದು ತೋರಿಸಿದರೆ ಸಾಕು. ಅಂದರೆ 4.5 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯಿಲ್ಲ. ಮೇಲಿನ 50 ಸಾವಿರಕ್ಕೆ ಶೇ 5ರಂತೆ ಬರುವ 2,500 ರೂಪಾಯಿ 87ಎ ಕಲಮಿನ ತೆರಿಗೆ ರಿಯಾಯಿತಿಯಲ್ಲಿ ಪೂರ್ತಿ ಮನ್ನಾ. ಆದರೂ ಆದಾಯ 4 ಲಕ್ಷ ದಾಟಿದ್ದರಿಂದ ರಿಟರ್ನ್ ಹಾಕುವುದು ಕಡ್ಡಾಯ.

ಬಳಸಬೇಕಾದ ಫಾರ್ಮ್ ಐಟಿಆರ್-4. ಅದರ ಷೆಡ್ಯೂಲ್ ಬಿಪಿಯಲ್ಲಿ (ವ್ಯವಹಾರ, ವೃತ್ತಿಯ ಆದಾಯ ತುಂಬುವ ಭಾಗ) ಬ್ಯಾಂಕ್ ಮೂಲಕ ಬಂದದ್ದಕ್ಕೂ ನಗದಿಗೂ ಬೇರೆಬೇರೆ ಸಾಲುಗಳಿವೆ: 5.8 ಲಕ್ಷ ಒಂದರಲ್ಲಿ, 3.2 ಲಕ್ಷ ಇನ್ನೊಂದರಲ್ಲಿ. ಕೆಳಗೆ ವರ್ಷಾಂತ್ಯಕ್ಕೆ ಕೈಯಲ್ಲಿದ್ದ ನಗದನ್ನೂ ಕೇಳುತ್ತದೆ. ಮಾರ್ಚ್ 31ರ ರಾತ್ರಿ ನಿಜಕ್ಕೂ ಉಳಿದಿದ್ದ ಮೊತ್ತವನ್ನೇ ಬರೆಯಿರಿ. ಖರ್ಚಾದ ಹಣ ಅಲ್ಲಿ ಕಾಣಿಸಿಕೊಂಡರೆ ಮುಂದೆ ವಿವರಣೆ ಕೊಡುವುದು ಕಷ್ಟ.

ಹೆಚ್ಚು ಜನ ಎಡವುವುದು ಮೂರು ಕಡೆ. ಅರ್ಧ ಕಳೆದ ಮೇಲೆ ಲ್ಯಾಪ್‌ಟಾಪ್, ಪೆಟ್ರೋಲ್ ಎಂದು ಮತ್ತೆ ಖರ್ಚು ಕಳೆಯಲು ಹೋಗುತ್ತಾರೆ. ಆ ಅರ್ಧದಲ್ಲೇ ಎಲ್ಲವೂ ಸೇರಿದೆ. 1 ಲಕ್ಷ ಫೀಸಿನಲ್ಲಿ ಟಿಡಿಎಸ್ (ಕೊಡುವವರೇ ಮೊದಲು ಮುರಿದುಕೊಳ್ಳುವ ತೆರಿಗೆ) ಕಡಿದು 90,000 ಕೈಗೆ ಬಂದಾಗ ಅಷ್ಟನ್ನೇ ಬರೆಯುತ್ತಾರೆ. ಬರೆಯಬೇಕಾದದ್ದು 1 ಲಕ್ಷ. ಗ್ರಾಹಕರು ಪ್ಲೈವುಡ್ಡಿಗೆಂದು ಕೊಟ್ಟ ನಗದು ಫೀಸಿನ ಜೊತೆ ಬೆರೆತುಹೋಗುವುದು ಮೂರನೆಯದು. ಸಾಮಗ್ರಿಯ ಬಿಲ್ಲನ್ನು ಗ್ರಾಹಕರ ಹೆಸರಿನಲ್ಲೇ ಮಾಡಿಸಿ, ಆ ಹಣದ ಲೆಕ್ಕ ಪ್ರತ್ಯೇಕವಾಗಿ ಇಡಿ.

ಎಲ್ಲಕ್ಕಿಂತ ಮುಖ್ಯ ರಸೀದಿ ಪುಸ್ತಕ. ನಗದು ಕೈಗೆ ಬಂದ ದಿನವೇ ಕ್ರಮಸಂಖ್ಯೆ, ದಿನಾಂಕ, ಕೊಟ್ಟವರ ಹೆಸರು, ಯಾವ ಕೆಲಸಕ್ಕೆ, ಎಷ್ಟು ಎಂದು ಬರೆದು ಸಹಿ ಮಾಡಿ, ಕಾರ್ಬನ್ ಪ್ರತಿ ಇಟ್ಟುಕೊಳ್ಳಿ. ಮೊತ್ತ 5,000 ಮೀರಿದರೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಬೇಕು. ವರ್ಷದ ಕೊನೆಗೆ ನೆನಪಿನಿಂದ ಬರೆದ ಪಟ್ಟಿಗೆ ಈ ತೂಕ ಇರುವುದಿಲ್ಲ.

ಇನ್ನೊಂದು ಎಚ್ಚರ: ಒಬ್ಬರಿಂದ ಒಂದೇ ದಿನ ಅಥವಾ ಒಂದೇ ಕೆಲಸಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಅದೇ 1961ರ ಕಾಯ್ದೆಯ 269ಎಸ್‌ಟಿ ಕಲಮು ನಿಷೇಧಿಸುತ್ತದೆ. ಒಂದೇ ಮನೆಯ ಕೆಲಸದ ಹಣವನ್ನು ನಾಲ್ಕು ಕಂತಿನಲ್ಲಿ ಪಡೆದರೂ ತಪ್ಪು ತಪ್ಪೇ. ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಕೊಟ್ಟವರಿಗಲ್ಲ, ಪಡೆದ ನಿಮಗೆ. ನಿಮ್ಮ 3.2 ಲಕ್ಷ ಎಷ್ಟು ಜನರಿಂದ, ಯಾವ ಯಾವ ಕೆಲಸಕ್ಕೆ ಬಂದದ್ದೆಂದು ಇವತ್ತೇ ನೋಡಿಕೊಳ್ಳಿ.