ಮೈಕ್ರೋವೇವ್‌ನಲ್ಲಿ ಸ್ತನದ ಗಡ್ಡೆ ಕಾಣುತ್ತದೆಯೇ?

ಮೈಕ್ರೋವೇವ್ ಅಲೆಗಳನ್ನು ಹಾಯಿಸಿ ಸ್ತನದೊಳಗಿನ ಕ್ಯಾನ್ಸರ್ ಗಡ್ಡೆ ಹುಡುಕುವ ಪ್ರಯತ್ನ ನಡೆದಿದೆ. ಈ ಕಥೆಯಲ್ಲಿ ಭಾರತಕ್ಕೂ ಒಂದು ಪಾಲಿದೆ. ಚೌಧರಿ, ಮಿಶ್ರಾ, ಸ್ವರೂಪ್, ಥಾಮಸ್ ಎಂಬ ನಾಲ್ವರು 1984ರಲ್ಲಿ ಭಾರತದ ಒಂದು ವಿಜ್ಞಾನ ಪತ್ರಿಕೆಯಲ್ಲಿ ಅಳತೆಗಳನ್ನು ಪ್ರಕಟಿಸಿದರು. ರೇಡಿಯೋ, ಮೈಕ್ರೋವೇವ್ ಅಲೆಗಳಿಗೆ ಸ್ತನದ ಆರೋಗ್ಯಕರ ಭಾಗ ಒಂದು ರೀತಿ, ಕ್ಯಾನ್ಸರ್ ಗಡ್ಡೆ ಇನ್ನೊಂದು ರೀತಿ ಸ್ಪಂದಿಸುತ್ತದೆ ಎಂದು ಅವು ತೋರಿಸಿದವು. ಮುಖ್ಯ ಕಾರಣ ನೀರು. ಕೊಬ್ಬಿನಲ್ಲಿ ನೀರು ಕಡಿಮೆ, ಗಡ್ಡೆಯಲ್ಲಿ ಜಾಸ್ತಿ.

ಇಂಥ ಹೊಸ ಪರೀಕ್ಷೆ ಯಾಕೆ ಬೇಕಾಯಿತು? ಮ್ಯಾಮೋಗ್ರಾಮ್‌ನಲ್ಲಿ, ಅಂದರೆ ಸ್ತನವನ್ನು ಅದುಮಿ ತೆಗೆಯುವ ಎಕ್ಸ್-ರೇಯಲ್ಲಿ, ಗಡ್ಡೆ ಬೆಳ್ಳಗೆ ಕಾಣುತ್ತದೆ. ಹಾಲಿನ ಗ್ರಂಥಿಗಳೂ ಬೆಳ್ಳಗೇ ಕಾಣುತ್ತವೆ. ವಯಸ್ಸು ಚಿಕ್ಕದಿದ್ದಾಗ ಗ್ರಂಥಿಗಳೇ ಜಾಸ್ತಿ, ಹಾಗಾಗಿ ಗಡ್ಡೆ ಅವುಗಳ ನಡುವೆ ಅಡಗಿಬಿಡುತ್ತದೆ. ಜತೆಗೆ ಎಕ್ಸ್-ರೇ, ಅದುಮುವ ನೋವು ಬೇರೆ.

ಅಮೆರಿಕದ ಡಾರ್ಟ್‌ಮತ್‌ನಲ್ಲಿ ಪಾಲ್ ಮೀನಿ, ಕೀತ್ ಪಾಲ್ಸನ್ ತಂಡ ಮಹಿಳೆಯರನ್ನು ಪರೀಕ್ಷಿಸಬಲ್ಲ ಮೊದಲ ಮಾದರಿ ಯಂತ್ರದ ವಿವರವನ್ನು 2000ದಲ್ಲಿ ಪ್ರಕಟಿಸಿತು. ಮಹಿಳೆ ಬೋರಲು ಮಲಗುತ್ತಾಳೆ, ಸ್ತನ ಒಂದು ದ್ರವದೊಳಗೆ ಇಳಿಯುತ್ತದೆ. ಸುತ್ತಲಿನ ಆಂಟೆನಾಗಳಲ್ಲಿ ಒಂದು ಅಲೆ ಕಳಿಸುತ್ತದೆ, ಉಳಿದವು ಕೇಳಿಸಿಕೊಳ್ಳುತ್ತವೆ. ಶಕ್ತಿ ತೀರಾ ಕಡಿಮೆ, ಓವನ್‌ನಂತೆ ಬಿಸಿಯಾಗುವ ಮಾತೇ ಇಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ತಂಡವಂತೂ ನೆಲಬಾಂಬ್ ಹುಡುಕುವ ರೇಡಾರ್‌ನ ಲೆಕ್ಕವನ್ನೇ ಇಲ್ಲಿಗೆ ತಂದಿತು.

ಪೆಟ್ಟು ಬಿದ್ದದ್ದು 2007ರಲ್ಲಿ. ವಿಸ್ಕಾನ್ಸಿನ್ ಮತ್ತು ಕ್ಯಾಲ್ಗರಿ ವಿಶ್ವವಿದ್ಯಾಲಯಗಳವರು ಆಪರೇಷನ್‌ನಲ್ಲಿ ತೆಗೆದ ತುಣುಕುಗಳನ್ನು ಕೂಲಂಕಷವಾಗಿ ಅಳೆದರು. ಅಲೆಗಳಿಗೆ ಸ್ಪಂದಿಸುವುದರಲ್ಲಿ ಕೊಬ್ಬಿಗೂ ಗಡ್ಡೆಗೂ ಹತ್ತು ಪಟ್ಟಿನವರೆಗೆ ವ್ಯತ್ಯಾಸವಿತ್ತು. ಆದರೆ ಗ್ರಂಥಿಗೂ ಗಡ್ಡೆಗೂ? ಸುಮಾರು ಶೇ. 10 ಮಾತ್ರ. ಮ್ಯಾಮೋಗ್ರಾಮ್ ಎಡವುವ ಜಾಗದಲ್ಲೇ ಇದಕ್ಕೂ ಕಷ್ಟ ಅಂದಂತಾಯಿತು, ಅಲ್ವಾ? ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ಇದಕ್ಕಿಂತ ಉಪಯುಕ್ತವಾದ ಕೆಟ್ಟ ಸುದ್ದಿ ಬಂದಿಲ್ಲ. ಅದುವರೆಗೆ ಕಂಪ್ಯೂಟರಿನಲ್ಲಿ ಸುಮ್ನೆ ಕೊಬ್ಬಿನ ನಡುವೆ ಗಡ್ಡೆ ಇಟ್ಟು 'ಸಿಕ್ಕಿತು' ಎನ್ನುವುದು ಸುಲಭವಿತ್ತು.

ಇನ್ನೊಂದು ತೊಡಕೂ ಇದೆ. ಅಲೆಯ ಆವರ್ತನ ಏರಿಸಿದರೆ ಚಿತ್ರ ಚೊಕ್ಕವಾಗುತ್ತದೆ, ಆದರೆ ಅಲೆ ಆಳಕ್ಕೆ ಇಳಿಯುವುದಿಲ್ಲ. ಮೇಲಿನ ಚರ್ಮವೇ ದೊಡ್ಡ ಪ್ರತಿಫಲನ ಕೊಟ್ಟು ಒಳಗಿನ ಸಣ್ಣ ಸದ್ದನ್ನು ಮುಳುಗಿಸುತ್ತದೆ.

ಹಾಗಂತ ಯಾರೂ ಕೈಬಿಡಲಿಲ್ಲ. ಐರ್ಲೆಂಡಿನ ಗಾಲ್ವೇಯಲ್ಲೂ ರೋಗಿಗಳ ಮೇಲೆ ಪ್ರಯೋಗ ನಡೆಯಿತು. ಮ್ಯಾಮೋಗ್ರಾಮ್ ಜಾಗಕ್ಕೆ ಇದು ಬಂದಿಲ್ಲ, ಜತೆಗಿರುವ ಪರೀಕ್ಷೆಯಾಗಬಹುದು. ಡಾರ್ಟ್‌ಮತ್ ತಂಡ ಮತ್ತೊಂದು ದಾರಿಯನ್ನೂ ಹಿಡಿಯಿತು: ಆಪರೇಷನ್‌ಗೆ ಮುಂಚಿನ ಕೀಮೋ ನಡೆಯುವಾಗ ಗಡ್ಡೆ ಕರಗುತ್ತಿದೆಯೇ ಎಂದು ಮತ್ತೆ ಮತ್ತೆ ನೋಡುವುದು. ಅಲ್ಲಿ ಗಡ್ಡೆ ಎಲ್ಲಿದೆ ಎಂದು ಮೊದಲೇ ಗೊತ್ತು, ಹೋಲಿಸಲು ಅದೇ ಮಹಿಳೆಯ ಹಳೆಯ ಚಿತ್ರವೂ ಇರುತ್ತದೆ.