ಚರ್ಚಿನಿಂದ ಹೊರಟ ಗಿಟಾರ್ ಚರ್ಚಿಗೆ ಮರಳಿದ್ದು

ಹಳದಿ-ಕಪ್ಪು ಪಟ್ಟೆಯ ಬಿಗಿ ಉಡುಪು, ಹೆಗಲಿಗಿಳಿದ ಕೂದಲು, ಕಿವಿಗಡಚಿಕ್ಕುವ ಗಿಟಾರ್. 1980ರ ದಶಕದ ಅಮೆರಿಕದಲ್ಲಿ ಸ್ಟ್ರೈಪರ್ ಎಂಬ ‘ಕ್ರೈಸ್ತ ರಾಕ್’ ತಂಡದವರು, ಅಂದರೆ ಯೇಸುವಿನ ಮೇಲಿನ ನಂಬಿಕೆಯನ್ನು ರಾಕ್ ಸಂಗೀತದಲ್ಲಿ ಹಾಡುವವರು, ಹಾಡುತ್ತ ಹಾಡುತ್ತ ಪ್ರೇಕ್ಷಕರತ್ತ ಪುಟ್ಟ ಪುಸ್ತಕಗಳನ್ನು ಎಸೆಯುತ್ತಿದ್ದರು. ಹಿಡಿದವರ ಕೈಗೆ ಸಿಗುತ್ತಿದ್ದುದು ಬೈಬಲಿನ ಹೊಸ ಒಡಂಬಡಿಕೆ. ತಂಡದ ಹೆಸರಿನಡಿ ಯೆಶಾಯ 53:5 ಎಂಬ ಗುರುತು ಇರುತ್ತಿತ್ತು. ‘ಅವನ ಬಾಸುಂಡೆಗಳಿಂದ ನಮಗೆ ಗುಣವಾಯಿತು’ ಎನ್ನುವ ವಚನ ಅದು. ಹಳೆಯ ಇಂಗ್ಲಿಷ್ ಬೈಬಲಿನಲ್ಲಿ ಬಾಸುಂಡೆಗೂ ಪಟ್ಟೆಗೂ ಪದ ಒಂದೇ, ‘ಸ್ಟ್ರೈಪ್ಸ್’. ಆ ಉಡುಪಿನ ಗುಟ್ಟು ಅಲ್ಲಿದೆ. 1986ರ ಅವರ ಆಲ್ಬಂ ಅಮೆರಿಕದಲ್ಲೇ ಹತ್ತು ಲಕ್ಷ ಪ್ರತಿ ದಾಟಿತು.

ಅದೇ ಹೊತ್ತಿನಲ್ಲಿ ಟಿವಿ ಬೋಧಕ ಜಿಮ್ಮಿ ಸ್ವಾಗರ್ಟ್ ಕ್ರೈಸ್ತ ರಾಕ್ ಅನ್ನು ಕುರಿಯ ತೊಗಲು ಹೊದ್ದ ತೋಳವೆಂದು ಜರೆಯುತ್ತಿದ್ದರು. ಸ್ವಾರಸ್ಯವೆಂದರೆ, ರಾಕ್ ಅಂಡ್ ರೋಲ್‌ನ ಆದಿಪುರುಷರಲ್ಲಿ ಒಬ್ಬನಾದ ಜೆರ್ರಿ ಲೀ ಲೂಯಿಸ್ ಈ ಬೋಧಕರ ಸೋದರಸಂಬಂಧಿ. ಇಬ್ಬರೂ ಬೆಳೆದದ್ದು ಲೂಯಿಸಿಯಾನಾದ ಫೆರಿಡೇ ಎಂಬ ಊರಿನಲ್ಲಿ, ಪೆಂತೆಕೊಸ್ತ್ ಎಂಬ ಕ್ರೈಸ್ತ ಪಂಗಡದ ಒಂದೇ ಸಭೆಯಲ್ಲಿ. ಇಬ್ಬರೂ ಪಿಯಾನೋ ನುಡಿಸುತ್ತಿದ್ದವರೇ. ಜಗಳ ಹೊರಗಿನವರೊಡನೆ ಅಲ್ಲ, ಮನೆಯೊಳಗೇ ನಡೆದಿತ್ತು.

ಅದು ಹೊಸದೂ ಅಲ್ಲ. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯಲ್ಲಿ ಇದನ್ನೇ ಚಿಂತಿಸುತ್ತ ಕುಳಿತಿದ್ದರು. ನಂಬಿಕೆಯ ಮೊದಲ ದಿನಗಳಲ್ಲಿ ಚರ್ಚಿನ ಹಾಡು ಕೇಳಿ ಅತ್ತದ್ದು ಅವರಿಗೆ ನೆನಪಿತ್ತು. ಹಾಡಿನ ಅರ್ಥಕ್ಕಿಂತ ಕಂಠದ ಇಂಪೇ ಮನಸ್ಸನ್ನು ಸೆಳೆದರೆ ತಾನು ಪಾಪ ಮಾಡಿದಂತೆ ಎನ್ನುವ ಅಳುಕೂ ಇತ್ತು. ಬಹಳ ತೂಗಿ, ಕೊನೆಗೆ ಹಾಡಿನ ಕಡೆಗೇ ವಾಲಿದರು. ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಜೂರಿಚ್‌ನಲ್ಲಿ ಚರ್ಚ್ ಸುಧಾರಕ ಜ್ವಿಂಗ್ಲಿಯ ಕಾಲದಲ್ಲಿ ಚರ್ಚಿನ ಆರ್ಗನ್ನನ್ನೇ ಬಿಚ್ಚಿ ತೆಗೆದರು. ಆತ ಸ್ವತಃ ನುರಿತ ವಾದಕ. ಇಂದು ಗಿಟಾರಿಗೆ ಎದುರಾಗಿ ಯಾವ ವಾದ್ಯವನ್ನು ಪವಿತ್ರವೆಂದು ಹಿಡಿದುಕೊಳ್ಳುತ್ತೇವೋ, ಅದೂ ಒಂದು ಕಾಲದಲ್ಲಿ ಕಟಕಟೆಯಲ್ಲಿ ನಿಂತದ್ದೇ.

ಗಿಟಾರಿನ ಕಥೆಯಂತೂ ಚರ್ಚಿನಲ್ಲೇ ಶುರುವಾಗುತ್ತದೆ. 1915ರಲ್ಲಿ ಆರ್ಕನ್ಸಾದಲ್ಲಿ ಹುಟ್ಟಿದ ಕಪ್ಪುವರ್ಣೀಯ ಹೆಣ್ಣುಮಗಳು ಸಿಸ್ಟರ್ ರೊಸೆಟ್ಟಾ ಥಾರ್ಪ್, ಸುವಾರ್ತೆ ಸಾರುತ್ತಿದ್ದ ತಾಯಿಯ ಜೊತೆಯಲ್ಲಿ ಬಾಲ್ಯದಿಂದಲೇ ಹಾಡಿ ನುಡಿಸಿದವರು. ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿಗಿಂತ ಸುಮಾರು ಹತ್ತು ವರ್ಷ ಮೊದಲೇ, 1945ರಲ್ಲಿ, ಅವರ ಎಲೆಕ್ಟ್ರಿಕ್ ಗಿಟಾರಿನ ಭಕ್ತಿಗೀತೆ ಕಪ್ಪುವರ್ಣೀಯರ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೇಲೇರಿತ್ತು. ಅವರು ರಾತ್ರಿ ಕ್ಲಬ್ಬುಗಳಲ್ಲಿ ಹಾಡಿದ್ದಕ್ಕೆ ಚರ್ಚಿನ ಹಲವರು ಮುನಿಸಿಕೊಂಡರು. ಅವರ ಬೆರಳುಗಳಿಂದ ಕಲಿತ ರಾಕ್ ಅಂಡ್ ರೋಲ್ ಮುಂದೆ ‘ಸೈತಾನನ ಸಂಗೀತ’ ಎಂಬ ಹೆಸರು ಹೊತ್ತು ತಿರುಗಿತು.

ಆ ಹೆಸರನ್ನು ಅಳಿಸಲು ಹೊರಟವರು ಕ್ಯಾಲಿಫೋರ್ನಿಯಾದ ಹಿಪ್ಪಿಗಳು. ಮಾದಕವಸ್ತು, ಅಲೆದಾಟಗಳಿಂದ ದಣಿದ ಹುಡುಗರು 1960ರ ದಶಕದ ಕೊನೆಯಲ್ಲಿ ಯೇಸುವಿನತ್ತ ತಿರುಗಿದರು. ಕೋಸ್ಟಾ ಮೇಸಾದ ಕ್ಯಾಲ್ವರಿ ಚಾಪೆಲ್ ಸಭೆ ಅವರನ್ನು ಬರಿಗಾಲು, ಉದ್ದಗೂದಲು, ಗಿಟಾರಿನ ಸಮೇತ ಒಳಗೆ ಬಿಟ್ಟುಕೊಂಡಿತು. ಗಾಯಕ ಲ್ಯಾರಿ ನಾರ್ಮನ್ 1969ರಲ್ಲಿ ಹೊರತಂದ ಆಲ್ಬಮನ್ನು ಕ್ರೈಸ್ತ ರಾಕ್‌ನ ಮೊದಲ ಹೆಜ್ಜೆಯೆಂದು ಹಲವರು ಎಣಿಸುತ್ತಾರೆ. ಒಳ್ಳೆಯ ಸಂಗೀತವೆಲ್ಲ ಸೈತಾನನ ಪಾಲು ಏಕಾಗಬೇಕು ಎಂದು ಹಾಡಿಯೇ ಕೇಳಿದವನು ಆತ. 1972ರ ಜೂನ್‌ನಲ್ಲಿ ಡಲ್ಲಾಸ್‌ನ ಎಕ್ಸ್‌ಪ್ಲೋ ಎಂಬ ಕ್ರೈಸ್ತ ಯುವ ಸಮಾವೇಶದಲ್ಲಿ ಹೆಸರಾಂತ ಬೋಧಕ ಬಿಲ್ಲಿ ಗ್ರಹಾಂ ಬೋಧಿಸಿದರು, ನಾರ್ಮನ್ ಹಾಡಿದ, ಹೆಸರಾಂತ ಗಾಯಕ ಜಾನಿ ಕ್ಯಾಶ್ ಹಾಡಿದರು. ಕೊನೆಯ ದಿನ ನೆರೆದವರು ಲಕ್ಷಕ್ಕೂ ಮೇಲೆ. ಅಲ್ಲಿಂದಾಚೆಗೆ ಇದನ್ನು ಹುಡುಗಾಟವೆಂದು ತಳ್ಳಿಹಾಕುವುದು ಕಷ್ಟವಾಯಿತು.

ಇಷ್ಟಕ್ಕೂ ಈ ಸಂಗೀತ ಒಬ್ಬ ವ್ಯಕ್ತಿಯ ನಂಬಿಕೆಗೆ ಮಾಡುವುದಾದರೂ ಏನು? ಭಾನುವಾರದ ಸ್ತುತಿಗೀತೆ ಸಭೆಯದು. ಹತ್ತು ಜನರ ದನಿಯಲ್ಲಿ ನಮ್ಮದೂ ಒಂದು. ಕ್ಯಾಸೆಟ್ ಬಂದ ಮೇಲೆ ಹಾಡು ಕಾರಿಗೆ ಹತ್ತಿತು, ಮಲಗುವ ಕೋಣೆ ಹೊಕ್ಕಿತು. ಸೋಮವಾರದ ಬೇಸರಕ್ಕೂ ಬುಧವಾರದ ಸೋಲಿಗೂ ಜೊತೆಯಾಯಿತು. ಬೋಧನೆ ಮರೆತುಹೋಗುತ್ತದೆ, ರಾಗಕ್ಕೆ ಅಂಟಿದ ವಚನ ಮರೆಯುವುದಿಲ್ಲ. ಸಹಪಾಠಿಗಳ ಮುಂದೆ ದೇವರ ಹೆಸರೆತ್ತಲು ನಾಚುವ ಹದಿನೈದರ ವಯಸ್ಸಿನ ಹುಡುಗನಿಗೆ, ತನ್ನ ವಯಸ್ಸಿನ ಸಂಗೀತದಲ್ಲಿಯೇ ತನ್ನ ನಂಬಿಕೆ ಕೇಳಿಸಿದರೆ ಆ ನಾಚಿಕೆ ಅರ್ಧ ಇಳಿಯುತ್ತದೆ.

ಆದರೆ ಕಾರ್ಯಕ್ರಮದ ರಾತ್ರಿ ಕೈಯೆತ್ತಿ ಅತ್ತದ್ದನ್ನೆಲ್ಲ ನಂಬಿಕೆಯ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸಿಲ್ಲ. ದೊಡ್ಡ ಸ್ಪೀಕರ್, ಮಬ್ಬು ಬೆಳಕು, ಸಾವಿರಾರು ಜನ ಸೇರಿದರೆ ಯಾವ ಹಾಡಿಗೂ ಮೈ ಜುಮ್ಮೆನ್ನುತ್ತದೆ. ಅಗಸ್ಟೀನರ ಅಳುಕು ಹುರುಳಿಲ್ಲದ್ದಲ್ಲ. ಇದನ್ನು ಕ್ರೈಸ್ತ ಹಾಡುಗಾರರಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದವನು ಕೀತ್ ಗ್ರೀನ್. ಚಪ್ಪಾಳೆ ತಟ್ಟಿದವರನ್ನೇ ವೇದಿಕೆಯಿಂದ ಗದರುತ್ತಿದ್ದ. ಅವನೂ ಹೆಂಡತಿ ಮೆಲಡಿಯೂ ವ್ಯಸನಿಗಳನ್ನು, ನೆಲೆಯಿಲ್ಲದವರನ್ನು ಮನೆಗೇ ಕರೆತಂದು ಇಟ್ಟುಕೊಂಡರು. 1980ರ ಆಲ್ಬಮಿಗೆ ಬೆಲೆ ನಿಗದಿ ಮಾಡದೆ, ಕೊಡಲಾದಷ್ಟು ಕೊಡಿ, ಇಲ್ಲದಿದ್ದರೆ ಸುಮ್ಮನೆ ಒಯ್ಯಿರಿ ಎಂದ. 1982ರ ಜುಲೈನಲ್ಲಿ ಟೆಕ್ಸಾಸ್‌ನಲ್ಲಿ ಪುಟ್ಟ ವಿಮಾನ ಉರುಳಿ, ಇಬ್ಬರು ಮಕ್ಕಳೊಂದಿಗೆ ತೀರಿಕೊಂಡಾಗ ಅವನಿಗೆ 28 ವರ್ಷ.

ತಮ್ಮ ನಾಡಿನ, ತಮ್ಮ ಕಾಲದ ದನಿಯಲ್ಲಿ ದೇವರನ್ನು ಹಾಡುವ ಹಂಬಲ ನಮ್ಮಲ್ಲಿಯೂ ಇತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ರಾಗಗಳಿಗೆ ಕನ್ನಡ ಮಾತು ಕೂರಿಸಿದರು. ನಿಘಂಟಿನ ಕಿಟ್ಟೆಲ್ ಮಾತ್ರ 1862ರಲ್ಲಿ ಯೇಸುವಿನ ಕಥೆಯನ್ನು ಈ ನೆಲದ ಛಂದಸ್ಸಿನಲ್ಲೇ ‘ಕಥಾಮಾಲೆ’ಯಾಗಿ ಹೇಳಿದರು. ವಾದ್ಯ ಬೇರೆ, ಹಂಬಲ ಅದೇ.

ನನ್ನ ಮಟ್ಟಿಗೆ ಈ ಸಂಗೀತದ ದೊಡ್ಡ ಕೊಡುಗೆ ಜಯಘೋಷವಲ್ಲ, ಸಂದೇಹಕ್ಕೆ ಸಿಕ್ಕ ಮಾತು. ಬೈಬಲಿನ ಕೀರ್ತನೆಗಳಲ್ಲಿ ಎಷ್ಟೋ ಭಾಗ ದೇವರೊಡನೆ ಜಗಳವೇ. ಇನ್ನೆಷ್ಟು ಕಾಲ ಎಂಬ ಮೊರೆಯೇ. ಚರ್ಚಿನ ಹಾಡುಪುಸ್ತಕಗಳು ಇದನ್ನು ಎಷ್ಟೋ ಸಲ ಬದಿಗಿಟ್ಟವು. ಡಬ್ಲಿನ್‌ನ ಯು2 ಎಂಬ ರಾಕ್ ತಂಡ ತನ್ನನ್ನು ಕ್ರೈಸ್ತ ರಾಕ್ ಎಂದು ಕರೆದುಕೊಂಡದ್ದಿಲ್ಲ. ಆದರೆ ಅದರ ಮೂವರು ಒಂದು ಪ್ರಾರ್ಥನಾ ಕೂಟದಲ್ಲಿದ್ದವರು, ಗಿಟಾರ್ ವಾದಕ ಎಡ್ಜ್ ನಂಬಿಕೆಯೊಂದಿಗೆ ರಾಕ್ ಹೊಂದೀತೇ ಎಂಬ ತೊಳಲಾಟದಲ್ಲಿ ತಂಡವನ್ನೇ ಬಿಡುವ ಹಂತಕ್ಕೆ ಹೋಗಿದ್ದ. ಬಿಡಲಿಲ್ಲ. 1983ರಲ್ಲಿ ಅವರು 40ನೆಯ ಕೀರ್ತನೆಯನ್ನು ಹಾಡಾಗಿಸಿ, ಪಲ್ಲವಿಗೆ ‘ಇನ್ನೆಷ್ಟು ಕಾಲ’ ಎಂಬ ಮೊರೆಯನ್ನಿಟ್ಟರು. ಆ ವರ್ಷಗಳಲ್ಲಿ ಕಾರ್ಯಕ್ರಮ ಮುಗಿಯುತ್ತಿದ್ದುದು ಇದೇ ಹಾಡಿನಿಂದ. ವಾದಕರು ಒಬ್ಬೊಬ್ಬರಾಗಿ ವಾದ್ಯ ಕೆಳಗಿಟ್ಟು ಹೊರಡುವರು; ಕೊನೆಗೆ ಡ್ರಮ್ ಒಂದೇ ಉಳಿದು, ಅದೂ ನಿಲ್ಲುವುದು. ವೇದಿಕೆ ಖಾಲಿಯಾದ ಮೇಲೂ ಜನ ಆ ಪ್ರಶ್ನೆಯನ್ನೇ ಹಾಡುತ್ತ ಬಾಗಿಲ ಕಡೆಗೆ ನಡೆಯುತ್ತಿದ್ದರು.